ಸಾರಿಗೆ ಬೆರೆಸಿದ ಗುಳಿಗೆ

ಹೋದ ವರ್ಷ ಬೇಸಿಗೆ ರಜೆ ಮುಗಿದು ಶಾಲೆ ತೆರೆದ ದಿನ ನಮ್ಮ ಕಾಂಪೌಂಡ್ ಗೋಡೆಗೆ ಯಾರೋ ಹಳದಿ ಬಣ್ಣದ ಚೀಟಿಯೊಂದನ್ನು ಅಂಟಿಸಿ ಹೋಗಿದ್ದರು. ಕುಡಿಯುವವರಿಗೆ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ ಕೊಡಿ, ಕುಡಿತ ಬಿಡುವುದು ಗ್ಯಾರಂಟಿ ಎಂದು ಅದರಲ್ಲಿ ಅಚ್ಚಾಗಿತ್ತು. ಕೆಳಗೊಂದು ಫೋನ್ ನಂಬರು. ಆರನೇ ತರಗತಿಯ ಹುಡುಗಿಯೊಬ್ಬಳು ಆ ನಂಬರನ್ನು ನೋಟ್ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಳ್ಳುತ್ತಿದ್ದಳು. "ಯಾರಿಗೆ ಮಗು ಇದು?" ಎಂದೆ. "ಅಮ್ಮ ಬರಕೊಂಡು ಬಾ ಅಂದ್ಲು ಮಿಸ್" ಎಂದಳು. ಅವಳನ್ನು ಗದರಿಸಲು ನನಗೆ ಬಾಯಿ ಬರಲಿಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ ಅದೇ ಕೆಲಸವನ್ನು ನಾನೂ ಮಾಡಿದ್ದೆ.

ಅದು 1998ರ ಮಾತು. ನಾನು ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಮರಳೂರು ಆಗ ಈಗಿನಂತೆ ತುಮಕೂರಿನೊಳಗೆ ಕರಗಿಹೋಗಿರಲಿಲ್ಲ. ಕೆರೆ ಏರಿ ಇಳಿದರೆ ತೆಂಗಿನ ತೋಟ, ರಾಗಿ ಹೊಲ. ನನ್ನ ಅಣ್ಣ ಒಳ್ಳೆಯ ಬೇಸಾಯಗಾರ, ಮಾತು ಮೃದು. ಆದರೆ ಸಂಜೆಯಾಯಿತೆಂದರೆ ಪ್ಯಾಕೆಟ್ ಸಾರಾಯಿ. ಮೊದಮೊದಲು ಒಂದು, ಆಮೇಲೆ ನಾಲ್ಕು, ಕೊನೆಕೊನೆಗೆ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಒಂದು. ತಾಯಿತ ಕಟ್ಟಿಸಿದೆವು. ಮನೆದೇವರ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿಸಿದೆವು. ಅಣ್ಣ ಆಣೆಗೆ ತಪ್ಪುವವನಲ್ಲ, ಕುಡಿಯಲಿಲ್ಲ. ಆದರೆ ಎರಡನೆಯ ದಿನಕ್ಕೆ ಕೈ ನಡುಗಿ ನೀರಿನ ಲೋಟ ಹಿಡಿಯಲಾರದಾದ. ಮೂರನೆಯ ರಾತ್ರಿ ಗೋಡೆಯ ಮೇಲೆಲ್ಲ ಹುಳ ಹರಿಯುತ್ತಿವೆ ಎಂದು ಕಿರುಚಿಕೊಂಡ. ಗಾಳಿ ಮೆಟ್ಟಿಕೊಂಡಿದೆ ಎಂದರು ನೆರೆಯವರು. ಕೊನೆಗೆ ಅಪ್ಪನೇ ಹೋಗಿ ಒಂದು ಪ್ಯಾಕೆಟ್ ತಂದು ಮಗನಿಗೆ ಕುಡಿಸಿದರು. ಅಪ್ಪ ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮನೆಯಲ್ಲಿ ಓದಿದವಳು ನಾನು. ಕುಡಿತ ಬಿಡಿಸುವ ಮಾತ್ರೆಯೊಂದಿದೆ ಎಂದು ಯಾರಿಂದಲೋ ಕೇಳಿದೆ. ಪೇಟೆಯ ಔಷಧಿ ಅಂಗಡಿಯೊಂದರಲ್ಲಿ ಡಾಕ್ಟರ ಚೀಟಿಯನ್ನೂ ಕೇಳದೆ ಕೊಟ್ಟರು. ಅತ್ತಿಗೆ ಅದನ್ನು ಅಂಗೈಯಲ್ಲಿಟ್ಟುಕೊಂಡು, "ಏನೂ ಆಗಲ್ಲ ತಾನೇ ಕಣಮ್ಮ?" ಎಂದರು. "ಏನೂ ಆಗಲ್ಲ ಅತ್ತಿಗೆ, ಅಣ್ಣಂಗೆ ಕುಡಿತ ಬೇಡ ಅನ್ನಿಸುತ್ತೆ ಅಷ್ಟೆ" ಎಂದೆ. ರಾತ್ರಿಯ ಉಪ್ಪುಸಾರಿಗೆ ಪುಡಿ ಮಾಡಿ ಬೆರೆಸಿದೆವು. ಮರುದಿನ ಬೆಳಿಗ್ಗೆ ಅಣ್ಣ, "ಯಾಕೋ ಎದೆ ಹೊಡಕೊಳ್ತಾ ಇದೆ" ಎಂದ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸಂತೋಷಪಟ್ಟೆವು! ಮಧ್ಯಾಹ್ನದ ಸಾರಿಗೂ ಬೆರೆಸಿದೆವು. ಸಂಜೆ ಹುಡುಗರು ಓಡಿ ಬಂದರು: ಕೆರೆ ಏರಿಯ ಮೇಲೆ ಅಣ್ಣ ಬಿದ್ದಿದ್ದಾನೆ, ಮುಖ ಕೆಂಪಾಗಿದೆ, ವಾಂತಿ ನಿಲ್ಲುತ್ತಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು, "ಏನಾದರೂ ಮಾತ್ರೆ ಕೊಟ್ಟಿದ್ದೀರಾ?" ಎಂದು ಕೇಳಿದರು. ಇಲ್ಲ ಎಂದೆ. ಮತ್ತೆ ಕೇಳಿದರು, ಮತ್ತೆ ಇಲ್ಲ ಎಂದೆ. ಮೂರನೆಯ ಸಲ ಅತ್ತಿಗೆ ಅಳುತ್ತಾ ನಿಜ ಹೇಳಿಬಿಟ್ಟರು. ರಕ್ತದೊತ್ತಡ ಪಾತಾಳಕ್ಕೆ ಇಳಿದಿತ್ತು. ಇಡೀ ರಾತ್ರಿ ಬಾಟಲಿ ಏರಿಸಿ ಅವನನ್ನು ಉಳಿಸಿದರು.

ಆ ಮಾತ್ರೆಯ ಹೆಸರು ಡೈಸಲ್ಫಿರಾಮ್. ನಾನು ಇತಿಹಾಸ ಪಾಠ ಮಾಡುವವಳು. ನಮ್ಮ ಮನೆಯನ್ನು ಸುಡಹೊರಟ ಆ ಗುಳಿಗೆಯ ಇತಿಹಾಸವನ್ನೂ ಆಮೇಲೆ ಹುಡುಕಿ ಓದಿದೆ. ಅದು ಹುಟ್ಟಿದ್ದು ಕುಡಿತಕ್ಕಾಗಿ ಅಲ್ಲ. ಆ ಜಾತಿಯ ರಾಸಾಯನಿಕಗಳನ್ನು ರಬ್ಬರ್ ಗಟ್ಟಿಗೊಳಿಸಲು ಬಳಸುತ್ತಿದ್ದರು. ಅಂಥ ರಾಸಾಯನಿಕದ ನಡುವೆ ದುಡಿಯುವ ಕಾರ್ಮಿಕರಿಗೆ ಹೆಂಡ ಸಹಿಸಲಾಗುವುದಿಲ್ಲವೆಂದು 1937ರಲ್ಲಿ ಅಮೆರಿಕದ ಕಾರ್ಖಾನೆಯ ವೈದ್ಯ ವಿಲಿಯಮ್ಸ್ ಬರೆದಿದ್ದರು. ಹತ್ತು ವರ್ಷದ ಮೇಲೆ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಯೆನ್ಸ್ ಹಾಲ್ಡ್ ಮತ್ತು ಎರಿಕ್ ಯಾಕಬ್ಸನ್ ಎಂಬ ಇಬ್ಬರು ಇದೇ ಡೈಸಲ್ಫಿರಾಮನ್ನು ಹೊಟ್ಟೆಹುಳುವಿನ ಔಷಧಿಯಾದೀತೇ ಎಂದು ಪರೀಕ್ಷಿಸುತ್ತಾ ತಾವೇ ನುಂಗಿ ನೋಡಿದರು. ಆಮೇಲೆ ಮದ್ಯ ಕುಡಿದಾಗ ಇಬ್ಬರಿಗೂ ಮೈ ಕೆಟ್ಟಿತು. 1948ರಲ್ಲಿ ಈ ವಿಷಯ ಪ್ರಕಟವಾಯಿತು. 1951ರಲ್ಲಿ ಅಮೆರಿಕ ಅದನ್ನು ಔಷಧಿಯೆಂದು ಒಪ್ಪಿತು.

ಅದು ಕೆಲಸ ಮಾಡುವ ಬಗೆ ಹೀಗೆ. ಹೊಟ್ಟೆಗೆ ಹೋದ ಮದ್ಯವನ್ನು ಯಕೃತ್ತು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ ಮಾರ್ಪಡಿಸಿ, ಆಮೇಲೆ ಅದನ್ನೂ ಒಡೆದುಹಾಕುತ್ತದೆ. ಈ ಮಾತ್ರೆ ಎರಡನೆಯ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ವಿಷ ಮೈಯಲ್ಲೇ ತುಂಬಿಕೊಳ್ಳುತ್ತದೆ. ಮುಖ ಕೆಂಪೇರಿ, ಎದೆ ಬಡಿದು, ರಕ್ತದೊತ್ತಡ ಕುಸಿಯುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಉಳಿಯಬಹುದು. ಅಂದರೆ ಅದು ಕುಡಿಯುವ ಆಸೆಯನ್ನು ಕಡಿಮೆ ಮಾಡುವ ಔಷಧಿಯೇ ಅಲ್ಲ. ಕುಡಿದರೆ ಹೀಗಾಗುತ್ತದೆ ಎಂಬ ಭಯ ಮಾತ್ರ ಅದರ ಬಲ. ನುಂಗಿದವನಿಗೆ ನುಂಗಿದ್ದೇನೆಂದು ಗೊತ್ತೇ ಇಲ್ಲದಿದ್ದರೆ ಭಯವೆಲ್ಲಿಂದ ಬರಬೇಕು? ವಿಷವೊಂದೇ ಉಳಿಯುತ್ತದೆ. ಮೊದಲ ವರ್ಷಗಳಲ್ಲಿ ವೈದ್ಯರೂ ಇಂದಿನದಕ್ಕಿಂತ ಹಲವು ಪಟ್ಟು ಹೆಚ್ಚು ಪ್ರಮಾಣ ಕೊಟ್ಟು, ಸಾವುಗಳನ್ನು ಕಂಡು, ಆಮೇಲೆ ಇಳಿಸಿದರು.

ತುಮಕೂರಿನ ಡಾಕ್ಟರು ನಮ್ಮನ್ನು ಬೆಂಗಳೂರಿನ ನಿಮ್ಹಾನ್ಸ್‌ಗೆ ಕಳಿಸಿದರು. "ಹುಚ್ಚಾಸ್ಪತ್ರೆಗಾ?" ಎಂದು ಅಪ್ಪ ಬೆಚ್ಚಿದರು. ಅವರ ಮಾತಿನಲ್ಲೂ ಇತಿಹಾಸವಿತ್ತು. 1847ರಲ್ಲಿ ಹುಚ್ಚರ ಆಶ್ರಯವಾಗಿ ಆರಂಭವಾದದ್ದು, 1925ರಲ್ಲಿ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯೆಂದು ಹೆಸರು ಬದಲಿಸಿ, 1974ರಲ್ಲಿ ನಿಮ್ಹಾನ್ಸ್ ಆಯಿತು. ಕುಡಿತ ಒಂದು ರೋಗವೆಂದು ಅಮೆರಿಕದ ಬೆಂಜಮಿನ್ ರಷ್ 1784ರಲ್ಲೇ ಬರೆದಿದ್ದರೂ, ಅದಕ್ಕೆಂದೇ ಪ್ರತ್ಯೇಕ ವಾರ್ಡು, ಪ್ರತ್ಯೇಕ ಡಾಕ್ಟರುಗಳು ನಮ್ಮ ಜನಕ್ಕೆ ದೊರೆಯಲು ಇನ್ನೂರು ವರ್ಷ ಬೇಕಾಯಿತು.

ಅಲ್ಲಿ ತಿಳಿದ ಮೊದಲ ಸಂಗತಿಯೆಂದರೆ, ನಮ್ಮ ಆಣೆಯೂ ಅಪಾಯವೇ ಆಗಿತ್ತು. ವರ್ಷಗಟ್ಟಲೆ ಕುಡಿದ ಮೆದುಳು ಮದ್ಯದ ಒತ್ತಿಗೆ ಎದುರಾಗಿ ತಾನೂ ಒತ್ತುತ್ತಿರುತ್ತದೆ. ಒಮ್ಮೆಗೇ ನಿಲ್ಲಿಸಿದರೆ ಆ ಎದುರೊತ್ತು ಮಾತ್ರ ಉಳಿದು ನಡುಕ, ಫಿಟ್ಸು, ಇಲ್ಲದ ಹುಳ ಕಾಣುವ ಸನ್ನಿ. ಥಾಮಸ್ ಸಟನ್ ಎಂಬ ಇಂಗ್ಲಿಷ್ ವೈದ್ಯ 1813ರಲ್ಲೇ ಈ ಸನ್ನಿಗೆ ಹೆಸರಿಟ್ಟಿದ್ದರು. ನೆರೆಯವರು ಗಾಳಿ ಎಂದದ್ದು ಇದನ್ನೇ. ಚಿಕಿತ್ಸೆ ಇಲ್ಲದಿದ್ದರೆ ಪ್ರಾಣ ಹೋಗಬಹುದು. ಅಣ್ಣನಿಗೆ ಥಯಾಮಿನ್ ಎಂಬ ಬಿ ಜೀವಸತ್ವದ ಇಂಜೆಕ್ಷನ್ ಕೊಟ್ಟರು. ನಡುಕ ತಡೆಯುವ ಮಾತ್ರೆಯನ್ನು ದಿನದಿನಕ್ಕೆ ಇಳಿಸುತ್ತಾ ಒಂದು ವಾರದಲ್ಲಿ ನಿಲ್ಲಿಸಿದರು. ಮನೆಯವರೂ ಜೊತೆಗಿರಬೇಕೆಂದದ್ದರಿಂದ ಅತ್ತಿಗೆ ಇದ್ದರು.

ಮೈ ತಿಳಿಯಾದ ಮೇಲೆ ಡಾಕ್ಟರು ಅಣ್ಣನ ಮುಂದೆ ಒಂದು ಮಾತ್ರೆಯಿಟ್ಟು, ಅದು ಏನು, ಕುಡಿದರೆ ಏನಾಗುತ್ತದೆ, ಯಾವ ಕೆಮ್ಮಿನ ಔಷಧಿಯನ್ನೂ ಕೇಳದೆ ಕುಡಿಯಬಾರದು ಎಂದೆಲ್ಲ ವಿವರಿಸಿದರು. ಒಪ್ಪಿದರೆ ಮಾತ್ರ ರುಜು ಮಾಡಿ ಎಂದರು. ಅಣ್ಣ ಹೆಸರು ಓದಿ ಕೇಳಿದ: "ಇದೇನಾ ಸಾರ್, ನಮ್ಮನೇಲಿ ಸಾರಿಗೆ ಹಾಕಿದ್ದು?"

"ಅದೇ," ಎಂದರು ಡಾಕ್ಟರು. "ಆದರೆ ಈಗ ನುಂಗೋರು ನೀವು."

ಅಣ್ಣ ರುಜು ಹಾಕಿದ. ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

ಅಲ್ಲಿಗೇ ಕಥೆ ಸುಖಾಂತವಾಗಲಿಲ್ಲ. ಹತ್ತು ತಿಂಗಳಾದ ಮೇಲೆ ಮಾತ್ರೆ ಬಿಟ್ಟು, ಒಂದು ಮದುವೆಮನೆಯಲ್ಲಿ ಮತ್ತೆ ಕುಡಿದ. ತಲೆ ತಗ್ಗಿಸಿಕೊಂಡು ಹೋದರೆ ಡಾಕ್ಟರು ಬೈಯಲಿಲ್ಲ. "ಸಕ್ಕರೆ ಕಾಯಿಲೆ ಮತ್ತೆ ಏರಿದರೆ ಬೈತೀವಾ?" ಎಂದು, ಎಲ್ಲಿ ಕಾಲು ಜಾರಿತೆಂದು ಅವನಿಂದಲೇ ಹೇಳಿಸಿದರು. ಎರಡು ಸಲ ಜಾರಿ, ಮೂರನೆಯ ಸಲ ನಿಂತ. ಇವತ್ತಿಗೂ ನಿಂತಿದ್ದಾನೆ.

2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಪ್ಯಾಕೆಟ್ಟು ಹೋಗಿ ಬಾಟಲಿ ಬಂತು. 2019ರ ಜನವರಿಯಲ್ಲಿ ಮದ್ಯನಿಷೇಧ ಬೇಕೆಂದು ಚಿತ್ರದುರ್ಗದಿಂದ ಬೆಂಗಳೂರಿಗೆ ಹೆಂಗಸರು ನಡೆದುಕೊಂಡೇ ಹೋದರು. ಆ ಹೆಂಗಸರ ಸಂಕಟ ನನಗೆ ಗೊತ್ತು. ಅಂಗಡಿ ಮುಚ್ಚುವುದೂ ಬೇಕಾದೀತು. ಆದರೆ ಅಂಗಡಿ ಮುಚ್ಚಿದ ಮರುದಿನ ನಡುಗುವ ಕೈಗೆ ಒಬ್ಬ ಡಾಕ್ಟರು ಬೇಕು. ಔಷಧಿಯಷ್ಟೇ ಮುಖ್ಯವಾದದ್ದು ಮಾತು. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಪರೀತ ಕುಡಿಯುವ 377 ಗಂಡಸರ ಮೇಲೆ ನಡೆದ ಪ್ರಯೋಗವೊಂದು 2017ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಸಾಮಾನ್ಯ ಜನ ಕೆಲವೇ ಸಲ ಕೂತು ಮಾತಾಡಿದವರಲ್ಲಿ ಮೂರು ತಿಂಗಳ ಮೇಲೆ ನೂರಕ್ಕೆ 36 ಮಂದಿ ಅಪಾಯದ ಕುಡಿತದಿಂದ ಹೊರಬಂದಿದ್ದರು. ಮಾತಿನ ನೆರವಿಲ್ಲದವರಲ್ಲಿ 26. ದೊಡ್ಡ ಅಂತರವಲ್ಲ ಎನ್ನಬಹುದು. ಆ ಹತ್ತು ಮನೆಗಳಲ್ಲಿ ಒಂದು ನಮ್ಮದಾಗಿದ್ದರೆ ಹಾಗೆನ್ನಲಾರಿರಿ.

ಆ ಹುಡುಗಿಯ ತಾಯಿಯನ್ನು ಕರೆಸಿ ಇದನ್ನೆಲ್ಲ ಹೇಳಿದೆ. "ಅವರಿಗೇ ಹೇಳಿ ಕೊಡೋಕಾಗುತ್ತಾ ಮಿಸ್? ಹೊಡೀತಾರೆ" ಎಂದಳು. ಅದಕ್ಕೆ ನನ್ನಲ್ಲಿ ಸುಲಭದ ಉತ್ತರವಿರಲಿಲ್ಲ. ಅವನು ಬರದಿದ್ದರೂ ನೀನು ಹೋಗಿ ಕೇಳಬಹುದು ಎಂದು ಹೇಳಿ, 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಎಂಬ ಉಚಿತ ನಂಬರನ್ನು, ಹುಡುಗಿಯ ಪುಸ್ತಕದಲ್ಲಿದ್ದ ಆ ಇನ್ನೊಂದು ನಂಬರು ಹೊಡೆದುಹಾಕಿ, ಅಲ್ಲೇ ಬರೆದುಕೊಟ್ಟೆ. ಜಿಲ್ಲಾ ಆಸ್ಪತ್ರೆಗೆ ಒಂದು ಸಲ ಜೊತೆಗೂ ಹೋದೆ. ಗಂಡ ಇನ್ನೂ ಬಂದಿಲ್ಲ.

ಹೋದ ಯುಗಾದಿಗೆ ಅಣ್ಣನ ಮನೆಗೆ ಹೋಗಿದ್ದೆ. ನಾನೇ ಎಲೆಗೆ ಬಡಿಸಿದೆ. ಎಲ್ಲರೂ ಊಟಕ್ಕೆ ಕೈ ಹಾಕಿದರು. ಅಣ್ಣ ಮಾತ್ರ ಸಾರನ್ನು ಒಂದು ಕ್ಷಣ ನೋಡಿ, "ನೀನೂ ಕೂತ್ಕೊಳ್ಳಮ್ಮ, ಜೊತೇಲಿ ಉಣ್ಣೋಣ" ಎಂದ. ಅಕ್ಕರೆಯ ಮಾತೇ ಅದು. ನಾನು ಕೂತು ಮೊದಲ ತುತ್ತು ಉಂಡ ಮೇಲೆ ಅವನು ಉಣ್ಣತೊಡಗಿದ.