ನಿಮಿಷಕ್ಕೆ ಆರು ಉಸಿರು: ದಿನನಿತ್ಯದ ಒತ್ತಡಕ್ಕೊಂದು ಸರಳೋಪಾಯದ ಪರಿಶೀಲನೆ

2001ರ ಡಿಸೆಂಬರಿನಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್' ಒಂದು ಕುತೂಹಲದ ಅಧ್ಯಯನವನ್ನು ಪ್ರಕಟಿಸಿತು. ಇಟಲಿಯ ಪಾವಿಯಾ ವಿಶ್ವವಿದ್ಯಾಲಯದ ಲುಚಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು 23 ಮಂದಿ ಆರೋಗ್ಯವಂತರಿಗೆ ಕೊಟ್ಟ ಕೆಲಸ ಸುಲಭದ್ದು. ಒಮ್ಮೆ ಜಪಮಾಲೆಯ 'ಆವೆ ಮರಿಯಾ' ಪ್ರಾರ್ಥನೆಯನ್ನು ಲ್ಯಾಟಿನ್‌ನಲ್ಲಿ ಹೇಳಬೇಕು, ಇನ್ನೊಮ್ಮೆ 'ಮಣಿ ಪದ್ಮೇ' ಮಂತ್ರವನ್ನು ಜಪಿಸಬೇಕು. ಧರ್ಮ ಬೇರೆ, ಭಾಷೆ ಬೇರೆ. ಆದರೆ ಎರಡು ಸಂದರ್ಭದಲ್ಲೂ ಉಸಿರಾಟ ನಿಮಿಷಕ್ಕೆ ಹೆಚ್ಚುಕಡಿಮೆ ಆರಕ್ಕೆ ಬಂದು ನಿಂತಿತ್ತು. ವಿಶ್ರಾಂತಿಯಲ್ಲಿರುವ ವಯಸ್ಕರು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ.

ದಿನನಿತ್ಯದ ಒತ್ತಡ ತಗ್ಗಿಸುವ ಉಪಾಯಗಳಿಗೆ ಬರವಿಲ್ಲ. ನಡಿಗೆ, ಸಂಗೀತ, ನಿದ್ದೆ, ದಿನಚರಿ ಬರೆಯುವುದು ಎಂದು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಅವುಗಳಲ್ಲಿ ಒಂದನ್ನು, ಅಂದರೆ ನಿಧಾನದ ಉಸಿರಾಟವನ್ನು ಮಾತ್ರ ಈ ಲೇಖನ ಪರಿಶೀಲಿಸುತ್ತದೆ. ಒತ್ತಡಕ್ಕೆ ದೇಹ ತೋರುವ ಪ್ರತಿಕ್ರಿಯೆಯನ್ನು ನಿಧಾನದ ಉಸಿರು ತಗ್ಗಿಸುತ್ತದೆ ಎನ್ನಲು ಆಧಾರಗಳಿವೆ. ಒತ್ತಡದ ಮೂಲವನ್ನು ಅದು ಮುಟ್ಟುವುದಿಲ್ಲ. ಇವೆರಡನ್ನೂ ಬೇರೆಬೇರೆಯಾಗಿ ನೋಡಬೇಕೆಂಬುದು ಇಲ್ಲಿನ ವಾದ.

ಒತ್ತಡವನ್ನು ಪ್ರಯೋಗಾಲಯಕ್ಕೆ ತಂದವರಲ್ಲಿ ಹಾನ್ಸ್ ಸೆಲ್ಯೆ ಪ್ರಮುಖರು. 1936ರಲ್ಲಿ ಅವರು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಪುಟ್ಟ ಟಿಪ್ಪಣಿಯ ಸಾರವಿಷ್ಟು: ಚಳಿಯಿರಲಿ, ಗಾಯವಿರಲಿ, ವಿಷವಿರಲಿ, ಇಲಿಗಳ ದೇಹ ಒಂದೇ ಬಗೆಯಲ್ಲಿ ಪ್ರತಿಕ್ರಿಯಿಸುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದವರಲ್ಲೂ, ತಿಂಗಳ ಕೊನೆಗೆ ಇಎಂಐ ಲೆಕ್ಕ ಹಾಕುವವರಲ್ಲೂ ಅಡ್ರಿನಲ್ ಗ್ರಂಥಿಯ ಸ್ರಾವಗಳು ಏರಬಹುದು, ಎದೆಬಡಿತ ಹೆಚ್ಚಬಹುದು, ಉಸಿರು ಮೇಲುಮೇಲಾಗಬಹುದು. ಈ ಸರಣಿಯಲ್ಲಿ ಮನುಷ್ಯ ಬೇಕೆಂದಾಗ ನೇರವಾಗಿ ಕೈಹಾಕಬಹುದಾದ ಕೊಂಡಿ ಉಸಿರು. ಎದೆಬಡಿತಕ್ಕೆ ನಿಧಾನವಾಗು ಎಂದರೆ ಅದು ಕೇಳುವುದಿಲ್ಲ, ಉಸಿರು ಕೇಳುತ್ತದೆ.

ಉಸಿರು ಕೇಳಿದರೆ ಎದೆಯೂ ಹಿಂಬಾಲಿಸುತ್ತದೆ. ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು ನಿಧಾನವಾಗಿ ಉಸಿರಾಡಿದರೆ ಇದು ಅನೇಕರಿಗೆ ಗೊತ್ತಾಗುತ್ತದೆ: ಉಸಿರೆಳೆದುಕೊಳ್ಳುವಾಗ ಬಡಿತ ಚುರುಕಾಗುತ್ತದೆ, ಬಿಡುವಾಗ ಸಾವಕಾಶವಾಗುತ್ತದೆ. ಉಸಿರು ಬಿಡುವಾಗ ವೇಗಸ್ ನರದ ಹಿಡಿತ ಬಿಗಿಯಾಗುವುದೇ ಇದಕ್ಕೆ ಮುಖ್ಯ ಕಾರಣ. ರಕ್ತದೊತ್ತಡದಲ್ಲಿಯೂ ಸುಮಾರು ಹತ್ತು ಸೆಕೆಂಡಿಗೊಮ್ಮೆ ಏರಿಳಿಯುವ ಸಹಜ ಅಲೆಯೊಂದಿದೆ. ನಿಮಿಷಕ್ಕೆ ಆರು ಉಸಿರೆಂದರೆ ಉಸಿರೊಂದಕ್ಕೆ ಹತ್ತು ಸೆಕೆಂಡು. ಎರಡು ಲಯಗಳೂ ಕೂಡಿಕೊಳ್ಳುತ್ತವೆ. ರಕ್ತದೊತ್ತಡ ಏರಿದಾಗ ಎದೆಬಡಿತವನ್ನು ತಗ್ಗಿಸಿ ಸರಿದೂಗಿಸುವ ವ್ಯವಸ್ಥೆಯ ಚುರುಕನ್ನು ಬರ್ನಾರ್ಡಿ ತಂಡ ಅಳೆದಾಗ ಸೂಚ್ಯಂಕ 9.5ರಿಂದ 11.5ಕ್ಕೆ ಏರಿತ್ತು.

2004ರಲ್ಲಿ ಡಿರ್ಕ್ ಸಿಸಾರ್ಜ್ ಮತ್ತು ಸಂಗಡಿಗರು ಇದೇ ಜಾಡಿನಲ್ಲಿ ಪ್ರಾಚೀನ ಗ್ರೀಕ್ ಕಾವ್ಯದ ಹೆಕ್ಸಾಮೀಟರ್ ಛಂದಸ್ಸಿನ ವಾಚನವನ್ನು ಪರೀಕ್ಷಿಸಿದರು. ಅಲ್ಲಿಯೂ ಉಸಿರಾಟ ಮತ್ತು ಎದೆಬಡಿತದ ಏರಿಳಿತಗಳು ಹೊಂದಿಕೊಂಡು ಸಾಗಿದವು. ಕನ್ನಡದ ಸಂಶೋಧಕರು ಇದರ ಮುಂದೆ ಭಾಮಿನಿ ಷಟ್ಪದಿಯನ್ನು ಇಟ್ಟು ನೋಡಬಹುದು. ಕುಮಾರವ್ಯಾಸ ಬಳಸಿದ ಈ ಛಂದಸ್ಸಿನಲ್ಲಿ ಮೊದಲೆರಡು ಸಾಲಿಗೆ 14ರಂತೆ, ಮೂರನೆಯದಕ್ಕೆ 23 ಮಾತ್ರೆ. ಅರ್ಧ ಪದ್ಯಕ್ಕೆ ಒಟ್ಟು 51. ರಾಗವಿಸ್ತಾರವಿಲ್ಲದೆ ಸೆಕೆಂಡಿಗೆ ಐದು ಮಾತ್ರೆಯಂತೆ ಓದಿದರೆ ಅರ್ಧ ಪದ್ಯಕ್ಕೆ ಹಿಡಿಯುವುದು ಸುಮಾರು ಹತ್ತು ಸೆಕೆಂಡು. ಓದುಗ ಸಾಲುಸಾಲಿಗೂ ಉಸಿರೆಳೆಯುತ್ತಾನೋ, ಅರ್ಧ ಪದ್ಯಕ್ಕೊಮ್ಮೆಯೋ ಎಂಬುದರ ಮೇಲೆ ಫಲಿತಾಂಶ ನಿಂತಿದೆ. ಗಮಕಿಗಳ ಎದೆಗೆ ಉಸಿರಾಟ ಅಳೆಯುವ ಪಟ್ಟಿ ಕಟ್ಟಿ ಪರೀಕ್ಷಿಸಬಹುದಾದ ಊಹೆ ಇದು.

ಬೆಂಗಳೂರಿನಲ್ಲಿ ಇನ್ನೊಂದು ದಾರಿಯ ಅಳತೆ ನಡೆದಿದೆ. ಎಚ್.ಆರ್. ನಾಗೇಂದ್ರ ರೂಪಿಸಿದ ಆವರ್ತನ ಧ್ಯಾನದಲ್ಲಿ ಸರಳ ಆಸನಗಳೂ ಶವಾಸನದ ವಿಶ್ರಾಂತಿಯೂ ಒಂದರ ನಂತರ ಒಂದು ಬರುತ್ತವೆ. ಶರ್ಲಿ ಟೆಲ್ಲಿಸ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆವರ್ತನ ಧ್ಯಾನದ ನಂತರ ಆಮ್ಲಜನಕದ ಬಳಕೆ ಶೇ 32ರಷ್ಟು ಇಳಿದಿತ್ತು. ಬರಿಯ ಶವಾಸನದ ನಂತರ ಶೇ 10ರಷ್ಟು. ಸುಮ್ಮನೆ ಮಲಗುವುದಕ್ಕಿಂತ ಮೈಯನ್ನು ಸ್ವಲ್ಪ ಎಳೆದು ಆಮೇಲೆ ಸಡಿಲಿಸುವುದು ಹೆಚ್ಚು ಫಲ ಕೊಟ್ಟಿತ್ತು.

ಹೊಸ ಅಧ್ಯಯನಗಳು ಈ ಚಿತ್ರವನ್ನು ಗಟ್ಟಿಗೊಳಿಸುವ ಜೊತೆಗೆ ಅದರ ಗಡಿಯನ್ನೂ ತೋರಿಸುತ್ತವೆ. ಸ್ಟ್ಯಾನ್‌ಫರ್ಡ್‌ನ ತಂಡವೊಂದು 2023ರಲ್ಲಿ ಮೂರು ಬಗೆಯ ಉಸಿರಾಟವನ್ನು ಧ್ಯಾನದೊಂದಿಗೆ ಹೋಲಿಸಿತು. ಅಭ್ಯಾಸ ದಿನಕ್ಕೆ ಐದು ನಿಮಿಷ, ಅವಧಿ ಒಂದು ತಿಂಗಳು. ಮೂಗಿನಿಂದ ಉಸಿರು ತುಂಬಿಕೊಂಡು, ಮೇಲೊಂದು ಪುಟ್ಟ ಉಸಿರು ಸೇರಿಸಿ, ಬಾಯಿಂದ ದೀರ್ಘವಾಗಿ ಬಿಡುವ ನಿಟ್ಟುಸಿರಿನ ಕ್ರಮ ಮನಸ್ಸಿನ ಉಲ್ಲಾಸವನ್ನು ಎಲ್ಲಕ್ಕಿಂತ ಹೆಚ್ಚಿಸಿತು. ಆದರೆ ಆತಂಕ ಎಲ್ಲ ಗುಂಪುಗಳಲ್ಲೂ ಇಳಿಯಿತು. ಆ ವಿಷಯದಲ್ಲಿ ಧ್ಯಾನಕ್ಕಿಂತ ಉಸಿರಾಟ ಮೇಲೆಂದು ಸಾಬೀತಾಗಲಿಲ್ಲ.

ಇಲ್ಲಿ ರಿಚರ್ಡ್ ಲಾಜರಸ್ ಮತ್ತು ಸೂಸನ್ ಫೋಕ್‌ಮನ್ 1984ರ ತಮ್ಮ ಗ್ರಂಥದಲ್ಲಿ ಮಾಡಿದ ವಿಂಗಡಣೆ ನೆರವಿಗೆ ಬರುತ್ತದೆ. ಒತ್ತಡವನ್ನು ಎದುರಿಸುವ ದಾರಿ ಎರಡು: ಒಂದು ಸಮಸ್ಯೆಯನ್ನೇ ಬದಲಿಸುವುದು, ಇನ್ನೊಂದು ಅದು ಎಬ್ಬಿಸಿದ ಭಾವವನ್ನು ಹದಕ್ಕೆ ತರುವುದು. ನಿಧಾನದ ಉಸಿರು ಎರಡನೆಯ ದಾರಿಗೆ ಸೇರಿದ್ದು. ಪರೀಕ್ಷೆಯ ಹಿಂದಿನ ರಾತ್ರಿ, ಸಂದರ್ಶನದ ಕೋಣೆಯ ಹೊರಗೆ, ಜಗಳದ ನಡುವೆ ಅದು ಒದಗೀತು. ದಿನಕ್ಕೆ ಹನ್ನೆರಡು ಗಂಟೆ ದುಡಿಸುವ ಕೆಲಸಕ್ಕೆ ಬೇಕಾದದ್ದು ಪಾಳಿಯ ಬದಲಾವಣೆ, ಸಾಲಕ್ಕೆ ಬೇಕಾದದ್ದು ಕಂತಿನ ಮರುಹೊಂದಾಣಿಕೆ. ನೌಕರರಿಗೆ ಪ್ರಾಣಾಯಾಮ ಶಿಬಿರ ನಡೆಸಿ ಕೆಲಸದ ಹೊರೆಯನ್ನು ಹಾಗೆಯೇ ಬಿಡುವ ಸಂಸ್ಥೆ ಈ ವಿಂಗಡಣೆಯ ಅರ್ಧವನ್ನಷ್ಟೇ ಪಾಲಿಸಿದಂತೆ.

ಮೂರನೆಯದೊಂದು ಸ್ಥಿತಿಯೂ ಇದೆ. ನಿದ್ದೆ, ಹಸಿವು, ಕೆಲಸದಲ್ಲಿನ ಆಸಕ್ತಿ ಎರಡು ವಾರಕ್ಕೂ ಮೀರಿ ಕೆಟ್ಟಿದ್ದರೆ ಅದನ್ನು ದಿನನಿತ್ಯದ ಒತ್ತಡವೆಂದು ಕರೆದು ಮನೆಮದ್ದಿಗೆ ಬಿಡಲಾಗದು. ಅದಕ್ಕೆ ವೈದ್ಯರ ತಪಾಸಣೆ ಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮುಂದಾಳಾಗಿರುವ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲೂ ರಾತ್ರಿಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.