ಕೇಬಲ್ ತಪ್ಪಿನ ಲೆಕ್ಕ
ಹಾರ್ಡ್ ಡಿಸ್ಕ್‌ಗೂ ಕಂಪ್ಯೂಟರಿಗೂ ನಡುವಿನ ಕೇಬಲ್‌ನಲ್ಲಿ ಮಾಹಿತಿ ಕೆಟ್ಟರೆ ಅದನ್ನು ಪತ್ತೆಹಚ್ಚುವ ಏರ್ಪಾಡು ಪರ್ಸನಲ್ ಕಂಪ್ಯೂಟರುಗಳಲ್ಲಿ ಬಹುಕಾಲ ಇರಲಿಲ್ಲ. 1980ರ ದಶಕದಲ್ಲಿ ಬಂದ ಐಡಿಇ ಡಿಸ್ಕ್‌ಗಳು 40 ತಂತಿಗಳ ಚಪ್ಪಟೆ ಕೇಬಲ್ ಬಳಸುತ್ತಿದ್ದವು. ಡಿಸ್ಕ್‌ನ ತಟ್ಟೆಯ ಮೇಲೆ ಬರೆದದ್ದಕ್ಕೆ ದೋಷ ತಿದ್ದುವ ಸಂಕೇತಗಳ ಕಾವಲಿತ್ತು. ದಾರಿಯಲ್ಲಿರುವ ಮಾಹಿತಿಗೆ ಯಾವ ಕಾವಲೂ ಇರಲಿಲ್ಲ. ಕೇಬಲ್‌ನಲ್ಲಿ ಒಂದು ಬಿಟ್ ಕೆಟ್ಟರೆ ಆ ತಪ್ಪು ಸದ್ದಿಲ್ಲದೆ ಡಿಸ್ಕ್ ಸೇರುತ್ತಿತ್ತು.

ವೇಗ ಹೆಚ್ಚಿದಾಗ ಈ ಉದಾಸೀನ ನಡೆಯಲಿಲ್ಲ. 1990ರ ದಶಕದ ಕೊನೆಯಲ್ಲಿ ಸೆಕೆಂಡಿಗೆ 33 ಮೆಗಾಬೈಟ್ ಸಾಗಿಸುವ ಅಲ್ಟ್ರಾ ಡಿಎಂಎ ಬಂತು. ಅದರ ಜೊತೆಗೆ ಸಿಆರ್‌ಸಿ ತಾಳೆಯೂ ಬಂತು. ಒಂದು ಕಂತಿನ ಮಾಹಿತಿ ಹೋಗುವಾಗ ಎರಡೂ ತುದಿಗಳು 16 ಬಿಟ್‌ಗಳ ಲೆಕ್ಕ ಹಾಕಿಕೊಳ್ಳುತ್ತವೆ. ಕಂತು ಮುಗಿದೊಡನೆ ಕಂಪ್ಯೂಟರ್ ತನ್ನ ಲೆಕ್ಕವನ್ನು ಕಳಿಸುತ್ತದೆ, ಡಿಸ್ಕ್ ತನ್ನದರೊಡನೆ ಹೋಲಿಸುತ್ತದೆ. ಹೊಂದದಿದ್ದರೆ ಮತ್ತೆ ಕಳಿಸಬೇಕು. ವೇಗ 66 ಮೆಗಾಬೈಟ್‌ಗೆ ಏರಿದಾಗ ಕೇಬಲ್‌ಗೆ 80 ತಂತಿಗಳು ಬೇಕಾದವು. ಹೆಚ್ಚುವರಿ 40 ತಂತಿಗಳೆಲ್ಲ ಗ್ರೌಂಡ್. ಅಕ್ಕಪಕ್ಕದ ಸಂಕೇತಗಳು ಒಂದರೊಳಗೊಂದು ನುಗ್ಗದಂತೆ ತಡೆಯುವುದಷ್ಟೇ ಅವುಗಳ ಕೆಲಸ.

ತಪ್ಪುಗಳನ್ನು ಎಣಿಸಿಡುವ ಪುಸ್ತಕ ಬೇರೆ ದಾರಿಯಿಂದ ಬಂತು. ಐಬಿಎಂ 1992ರಲ್ಲಿ, ಕಾಂಪ್ಯಾಕ್ 1995ರಲ್ಲಿ ಡಿಸ್ಕ್ ಕೆಡುವ ಮುನ್ಸೂಚನೆ ಕೊಡುವ ವ್ಯವಸ್ಥೆಗಳನ್ನು ರೂಪಿಸಿದವು. ಇವುಗಳಿಂದ ಬೆಳೆದದ್ದೇ, ಡಿಸ್ಕ್ ತನ್ನ ಸ್ಥಿತಿಯ ಎಣಿಕೆಗಳನ್ನು ತಾನೇ ಪಟ್ಟಿಮಾಡಿಡುವ ಸ್ಮಾರ್ಟ್ ವ್ಯವಸ್ಥೆ. ಅದರ ಪಟ್ಟಿಯ 199ನೇ ಸಾಲು ಕೇಬಲ್‌ನಲ್ಲಾದ ಸಿಆರ್‌ಸಿ ತಪ್ಪುಗಳಿಗೆ ಮೀಸಲಾಯಿತು.

ಆದರೆ ಆ ಪುಸ್ತಕವನ್ನು ತೆರೆದು ಓದಲು ಸಾಧನ ಬೇಕಿತ್ತು. ಮೈಕೆಲ್ ಕಾರ್ನ್‌ವೆಲ್ ಬರೆದ ಸ್ಮಾರ್ಟ್‌ಸೂಟ್‌ನ ಆಧಾರದ ಮೇಲೆ, ಗುರುತ್ವ ಅಲೆಗಳ ಸಂಶೋಧಕ ಬ್ರೂಸ್ ಆಲೆನ್ 2002ರಲ್ಲಿ ಸ್ಮಾರ್ಟ್‌ಮಾನ್‌ಟೂಲ್ಸ್ ಆರಂಭಿಸಿದರು. ಸಿಸ್ಟಂ ನಿರ್ವಾಹಕರ ದಿನಬಳಕೆಗೆ ಬಂದ ಸ್ಮಾರ್ಟ್‌ಸಿಟಿಎಲ್ ಆಜ್ಞೆ ಇದರದೇ ಭಾಗ. ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಈ ತಂತ್ರಾಂಶ ಇಡೀ ವೃತ್ತಿಗೆ ಮಾಡಿದ ಉಪಕಾರ ದೊಡ್ಡದು.

ನಂತರದ ಸಾಟಾ ಕೇಬಲ್ ಏಳೇ ತಂತಿಗಳಿಗೆ ಇಳಿಯಿತು. ಎಂಟು ಬಿಟ್‌ಗಳನ್ನು ಹತ್ತಾಗಿಸಿ ಕಳಿಸುವ ಕ್ರಮ ಬಂತು. ಹಾಗಾಗಿ ಲೆಕ್ಕವೂ ಸೂಕ್ಷ್ಮವಾಯಿತು. ಸಾಟಾ ಡಿಸ್ಕ್‌ಗೆ ‘-ಎಲ್ ಸಾಟಾಫೈ’, ಸರ್ವರ್‌ಗಳ ಸ್ಯಾಸ್ ಡಿಸ್ಕ್‌ಗೆ ‘-ಎಲ್ ಸ್ಯಾಸ್‌ಫೈ’ ಎಂದು ಸ್ಮಾರ್ಟ್‌ಸಿಟಿಎಲ್ ಆಜ್ಞೆಗೆ ಸೇರಿಸಿದರೆ ಕೊಂಡಿಯ ಎಣಿಕೆಗಳು ತೆರೆಯ ಮೇಲೆ ಬರುತ್ತವೆ. ಸ್ಯಾಸ್‌ನಲ್ಲಿ ಅವು ನಾಲ್ಕು: ಅಮಾನ್ಯ ಪದಗಳು, ಸೊನ್ನೆ-ಒಂದುಗಳ ಸಮತೋಲದ ತಪ್ಪುಗಳು, ಹೊಂದಾಣಿಕೆ ಕಳೆದುಕೊಂಡ ಸಲ, ಮರುಪ್ರಾರಂಭ ವಿಫಲವಾದ ಸಲ. ಇವನ್ನು ಎಣಿಸುವುದು ಸಂಕೇತವನ್ನು ಪಡೆಯುವ ತುದಿ. ಡಿಸ್ಕ್‌ನ ಎಣಿಕೆ ಸೊನ್ನೆ ಎಂದ ಮಾತ್ರಕ್ಕೆ ಡಿಸ್ಕ್‌ನಿಂದ ಹೊರಟ ಸಂಕೇತ ಕ್ಷೇಮವಾಗಿ ತಲುಪಿತೆಂದು ಅರ್ಥವಲ್ಲ. ಎದುರು ತುದಿಯನ್ನೂ ನೋಡಲೇಬೇಕು.

199ನೇ ಸಾಲಿನ ಸಂಖ್ಯೆ ಕೇಬಲ್ ಬದಲಿಸಿದರೂ ಸಾಮಾನ್ಯವಾಗಿ ಸೊನ್ನೆಗೆ ಮರಳುವುದಿಲ್ಲ. ಹಾಗಾಗಿ ಅನುಭವಿಗಳು ಸಂಖ್ಯೆಯನ್ನು ಬರೆದಿಟ್ಟುಕೊಂಡು, ದೊಡ್ಡ ಕಡತವೊಂದನ್ನು ನಕಲಿಸಿ, ಮತ್ತೆ ನೋಡುತ್ತಾರೆ. ಅದು ಏರುತ್ತಿದ್ದು, ತಟ್ಟೆಯ ದೋಷ ಹೇಳುವ 5 ಮತ್ತು 197ನೇ ಸಾಲುಗಳು ಸೊನ್ನೆಯಲ್ಲೇ ಇದ್ದರೆ, ಮೊದಲು ಬದಲಿಸಬೇಕಾದದ್ದು ಕೇಬಲ್, ಡಿಸ್ಕ್ ಅಲ್ಲ.