ಗುಂಡಿ ಒತ್ತಿದ್ದು ಯಾರು?

ಚೆಕ್ ಭಾಷೆಯಲ್ಲಿ ‘ಟ್ರೆಜರ್’ ಎಂದರೆ ತಿಜೋರಿ. ಪ್ರಾಗ್‌ನ ಸತೋಶಿಲ್ಯಾಬ್ಸ್ ಕಂಪನಿ 2014ರಲ್ಲಿ ಆ ಹೆಸರಿನ ಬಿಟ್‌ಕಾಯಿನ್ ವಾಲೆಟ್ ಹೊರತಂದಾಗ ಗಿರಾಕಿಯ ಕೈಗೆ ಬಂದದ್ದು ಅಂಗೈಯಲ್ಲಿ ಅಡಗುವ ಪುಟ್ಟ ಡಬ್ಬಿ. ಅದರ ಮೇಲೆ 128×64 ಚುಕ್ಕಿಗಳ ಪರದೆ, ಎರಡು ಗುಂಡಿ. ಹಣ ಯಾರಿಗೆ, ಎಷ್ಟು ಹೋಗುತ್ತದೆ ಎಂಬುದನ್ನು ಪರದೆಯಲ್ಲಿ ಓದಿ ಒಡೆಯ ಗುಂಡಿ ಒತ್ತಿದರಷ್ಟೇ ಸಹಿ ಬೀಳುತ್ತದೆ. ಕಂಪ್ಯೂಟರಿಗೆ ಎಂಥ ವೈರಸ್ ಹೊಕ್ಕಿದ್ದರೂ ಮನುಷ್ಯನ ಬೆರಳು ಮಾತ್ರ ಅದರ ವಶಕ್ಕೆ ಬಾರದು ಎಂಬ ನಂಬಿಕೆಯ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ಆದರೆ ಡಬ್ಬಿಯೊಳಗಿನ ತಂತ್ರಾಂಶದ, ಅಂದರೆ ಫರ್ಮ್‌ವೇರ್‌ನ, ಒಂದು ಸಾಲು ತಿದ್ದಿದಾಗಲೆಲ್ಲ ಯಾರೋ ಒಬ್ಬರು ಕೂತು ಎಲ್ಲ ಪರೀಕ್ಷೆಗಳಿಗೂ ಗುಂಡಿ ಒತ್ತುತ್ತಿರಲು ಆದೀತೇ? ಹೀಗಾಗಿ ಈ ಪರೀಕ್ಷೆಗಳ ಇತಿಹಾಸವೆಂದರೆ, ಗೋಡೆ ಕಟ್ಟಿದವರೇ ಅದರಲ್ಲೊಂದು ಕಿಂಡಿ ಕೊರೆದು, ಆ ಕಿಂಡಿ ಗಿರಾಕಿಯ ಮನೆ ಸೇರದಂತೆ ಕಾದ ಇತಿಹಾಸ.

ಆ ಕಿಂಡಿಯ ಹೆಸರು ಡಿಬಗ್‌ಲಿಂಕ್. ಪರೀಕ್ಷೆಗೆಂದೇ ಸಿದ್ಧಪಡಿಸಿದ ಫರ್ಮ್‌ವೇರ್‌ನಲ್ಲಿ ಮಾತ್ರ ಅದು ತೆರೆದಿರುತ್ತದೆ. ಅದರ ಮೂಲಕ ಪ್ರೋಗ್ರಾಮೇ ಪರದೆ ಓದುತ್ತದೆ, ಪ್ರೋಗ್ರಾಮೇ ‘ಹೌದು’ ಒತ್ತುತ್ತದೆ. ಡಬ್ಬಿಯೂ ಬೇಕಿಲ್ಲ, ಮಾಮೂಲು ಕಂಪ್ಯೂಟರಿನಲ್ಲಿ ಓಡುವ ಎಮ್ಯುಲೇಟರ್ ಸಾಕು. ಇಂಥದ್ದೇ ವಾಲೆಟ್ ಮಾಡುವ ಪ್ಯಾರಿಸ್‌ನ ಲೆಡ್ಜರ್ ಕಂಪನಿಯೂ ಸ್ಪೆಕ್ಯುಲೋಸ್ ಎಂಬ ಎಮ್ಯುಲೇಟರ್ ಕಟ್ಟಿಕೊಂಡಿತು. ಟ್ರೆಜರ್ ಪರೀಕ್ಷೆಗಳಲ್ಲಿ ವಾಲೆಟ್‌ಗೆ ಬೀಗದ ಕೈಯಾಗಿ ಬಳಸುವ ಗುಪ್ತಪದಗಳನ್ನು ನೋಡಿದರೆ ನಗು ಬರುತ್ತದೆ: ‘ಆಲ್’ ಎಂಬ ಒಂದೇ ಪದ, ಹನ್ನೆರಡು ಸಲ. ಲೋಕಕ್ಕೆಲ್ಲ ಗೊತ್ತಿರುವ ಈ ಬೀಗದ ಹಿಂದೆ ಯಾರೂ ಕಾಸು ಇಡುವುದಿಲ್ಲ, ಅದೇ ಅದರ ಗುಣ. ಪ್ರತಿ ಪರದೆಯ ಚಿತ್ರವನ್ನೂ ಹಳೆಯ ಚಿತ್ರದ ಜೊತೆ ಹೋಲಿಸಲಾಗುತ್ತದೆ. ಒಂದು ಅಕ್ಷರ ಸರಿದಿದ್ದರೂ ಪರೀಕ್ಷೆ ಫೇಲು. ಹಳೆಯ ಆವೃತ್ತಿಗಳ ಎಮ್ಯುಲೇಟರ್‌ಗಳನ್ನೂ ಎಸೆಯದೆ ಇಟ್ಟುಕೊಂಡಿದ್ದಾರೆ. ಹಳೆಯದು ಬರೆದಿಟ್ಟ ಗುಟ್ಟನ್ನು ಹೊಸದು ಓದಬಲ್ಲದೇ ಎಂದು ನೋಡಬೇಕಲ್ಲ.

ಇದೆಲ್ಲ ಬೊಂಬೆಯಾಟ, ಎಮ್ಯುಲೇಟರ್ ಚಿಪ್ ಅಲ್ಲ ಎನ್ನುವವರಿದ್ದಾರೆ. ಅವರ ಮಾತಿಗೆ ಆಧಾರವೂ ಉಂಟು. 2018ರ ಡಿಸೆಂಬರಿನಲ್ಲಿ ಲೈಪ್‌ಜಿಗ್‌ನ ಹ್ಯಾಕರ್ ಸಮಾವೇಶದ ವೇದಿಕೆಯಲ್ಲೇ ಸಂಶೋಧಕರು ಇಂಥ ವಾಲೆಟ್‌ಗಳನ್ನು ಭೇದಿಸಿ ತೋರಿಸಿದರು. 2020ರ ಜನವರಿಯಲ್ಲಿ ಬಿಟ್‌ಕಾಯಿನ್ ವಿನಿಮಯ ಕಂಪನಿ ಕ್ರಾಕೆನ್‌ನ ಭದ್ರತಾ ತಂಡ, ಟ್ರೆಜರ್ ಕೈಗೆ ಸಿಕ್ಕರೆ ಚಿಪ್‌ನ ವೋಲ್ಟೇಜನ್ನು ಕ್ಷಣಮಾತ್ರ ಕುಗ್ಗಿಸಿ 15 ನಿಮಿಷದಲ್ಲಿ ಗುಟ್ಟು ಹೊರತೆಗೆಯಬಹುದೆಂದು ಪ್ರಕಟಿಸಿತು. ಎಮ್ಯುಲೇಟರಿನಲ್ಲಿ ಕುಗ್ಗಿಸಲು ವೋಲ್ಟೇಜೇ ಇಲ್ಲ. ಒಪ್ಪೋಣ. ಆದರೆ ಈ ಪರೀಕ್ಷೆಗಳು ಕಾಯುವುದು ಕಳ್ಳನನ್ನಲ್ಲ, ತಯಾರಕನ ಕೈತಪ್ಪನ್ನು. ಕಳ್ಳನಿಗೆ ಬೇರೆ ಪ್ರಯೋಗಾಲಯ ಬೇಕು.

ನನ್ನ ಕಣ್ಣಿಗೆ ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಅದೇ ವರ್ಷದ ಜೂನ್‌ನದು. ಬಿಟ್‌ಕಾಯಿನ್‌ನಲ್ಲಿ 2017ರಲ್ಲಿ ಜಾರಿಗೆ ಬಂದ ಸೆಗ್‌ವಿಟ್ ಎಂಬ ವಹಿವಾಟು ಪದ್ಧತಿಯಲ್ಲಿ ಪ್ರತಿ ಸಹಿಯೂ ತನ್ನ ಪಾಲಿನ ಮೊತ್ತಕ್ಕೆ ಮಾತ್ರ ಜಾಮೀನು. ಕೆಟ್ಟ ಪ್ರೋಗ್ರಾಮೊಂದು ಒಂದು ಮೊತ್ತವನ್ನು ತಗ್ಗಿಸಿ ತೋರಿಸಿ ಸಹಿ ಪಡೆದು, ‘ದೋಷವಾಯಿತು, ಮತ್ತೆ ಒತ್ತಿ’ ಎಂದು ಇನ್ನೊಂದನ್ನು ತಗ್ಗಿಸಿ ತೋರಿಸಿದರೆ, ಎರಡು ಸಲದ ನಿಜವಾದ ಸಹಿಗಳನ್ನು ಹೊಲಿದು ಒಡೆಯನಿಂದ ಭಾರಿ ಶುಲ್ಕ ಕಕ್ಕಿಸಬಹುದಿತ್ತು. ಪ್ರತಿ ಹೆಜ್ಜೆಯೂ ನಿಯಮದಂತೆಯೇ ನಡೆದದ್ದರಿಂದ, ನಿಯಮ ನೋಡಿ ಬರೆದ ಪರೀಕ್ಷೆಗೆ ಇದು ಸಿಗುವಂತಿರಲಿಲ್ಲ. ಟ್ರೆಜರ್ ತನ್ನ 1.9.1 ಮತ್ತು 2.3.1 ಆವೃತ್ತಿಗಳಲ್ಲಿ ಹಿಂದಿನ ವಹಿವಾಟುಗಳನ್ನು ಪೂರ್ತಿಯಾಗಿ ಕೇಳತೊಡಗಿತು; ಅವನ್ನು ಕೊಡದ ಹೊರಗಿನವರ ಕೆಲವು ವಾಲೆಟ್ ತಂತ್ರಾಂಶಗಳು ಅಲ್ಲಲ್ಲೇ ನಿಂತವು. ಮನೆಯೊಳಗಿನ ಪರೀಕ್ಷೆಗೆ ನೆರೆಮನೆಯ ಬಾಗಿಲು ಕಾಣುವುದಿಲ್ಲ. ಆ ಬಾಗಿಲುಗಳತ್ತ ನೋಡುವ ಕೆಲಸವನ್ನು ಬಿಟ್‌ಕಾಯಿನ್ ಕೋರ್ ಬಳಗದ ಎಚ್‌ಡಬ್ಲ್ಯುಐ ಎಂಬ ತಂತ್ರಾಂಶ ಮಾಡುತ್ತದೆ: ಟ್ರೆಜರ್, ಲೆಡ್ಜರ್, ಕೋಲ್ಡ್‌ಕಾರ್ಡ್‌ಗಳ ಎಮ್ಯುಲೇಟರ್‌ಗಳನ್ನು ಒಂದೇ ಸಾಲಿನಲ್ಲಿ ಕೂರಿಸಿ, ಎಲ್ಲದರ ಗುಂಡಿಯನ್ನೂ ತಾನೇ ಒತ್ತುತ್ತದೆ.